ಅರ್ಧ ಎಣಿಕೆ

ಇಪ್ಪತ್ತೆರಡು ವರ್ಷ ನಾನು ನೋಡಿದ್ದು ಅವನ ಬೆನ್ನು.
ಮುಖ ನಿಮ್ಮದು, ಟಿಕೆಟ್ಟು ಕೊಂಡವರದು.
ಡ್ರಮ್ಮಿನ ಹಿಂದೆ ಕೂತವನ ಪಾಲಿಗೆ
ಒದ್ದೆ ಅಂಗಿ, ಕತ್ತಿನ ಹಿಂದಿನ ಮಚ್ಚೆ,
ಉಸಿರೆಳೆದಾಗ ಮೇಲೇಳುವ ಎಡಭುಜ.
ಅದೇ ನನಗೆ ಸನ್ನೆ.

ತೊರ್ಸ್ತಿ ಯಾವತ್ತೂ ತಡ.
ಬಸ್ಸಿಗೆ, ಸ್ವಂತ ಮದುವೆಗೆ, ಹಾಡಿನ ಪ್ರತಿ ಸಾಲಿಗೆ.
ಸಾಲಿಗೆ ಬರೀ ಅರ್ಧ ಎಣಿಕೆ.
ಹೊಸದರಲ್ಲಿ ಜಗಳವಾಡಿದೆ, ಕೋಲು ಎಸೆದೆ;
ಆಮೇಲೆ ತಾಳವೆಂದರೆ ತಾಳುವುದು ಅಂತ
ಕೈಯೇ ಕಲಿತುಕೊಂಡಿತು.
ಜನ ಅದನ್ನು ನಮ್ಮ ಶೈಲಿ ಅಂದರು.

ಸಾಯುವುದಕ್ಕೆ ಮಾತ್ರ ಅವಸರ.
ಫೆಬ್ರವರಿ, ತಾಂಪೆರೆ, ಬೆಳಗಿನ ಏಳು, ಇನ್ನೂ ಕತ್ತಲು,
ಕಾರಿನ ಗಾಜಿನ ಮೇಲಿನ ಹಿಮ ಹೆರೆಯುತ್ತಿದ್ದನಂತೆ.
ಅರ್ಧ ಗಾಜು ತಿಳಿಯಾಗಿತ್ತು.
ಮರ್ಕೆತ್ತಾ ಎರಡು ದಿನ ಆ ಕಾರನ್ನು ಮುಟ್ಟಲಿಲ್ಲ;
ಮೂರನೆಯ ದಿನ ಉಳಿದರ್ಧ ತಾನೇ ಹೆರೆದು
ಅಂಗಡಿಗೆ ಹೋಗಿ ಹಾಲು ತಂದಳು.

ಮುಗಿಸಿಬಿಡೋಣ ಅಂದ ಕೌಕೊ.
ವ್ಯಾನಿನ ಸಾಲ ಮುಗಿದಿಲ್ಲ ಅಂದಳು ಹಿಲ್ಕಾ.
ಅಷ್ಟೇ ಚರ್ಚೆ.

ಮೊದಲು ಕೌಕೊನೇ ಹಾಡಿದ,
ಬಾಗಿಲ ಸಂದಿಗೆ ಬೆರಳು ಸಿಕ್ಕಿದವನ ಹಾಗೆ.
ಆಮೇಲೆ ಸೆಯ್ನಾಯೋಕಿಯಲ್ಲಿ ನಡುವಿನ ಜಾಗ ಖಾಲಿ ಬಿಟ್ಟು
ಬರೀ ನುಡಿಸಿದೆವು. ಜನ ಹಾಡಿದರು, ಅತ್ತರು.
ಬೆನ್ನು ಇಲ್ಲದ ಆ ಜಾಗದ ಮೂಲಕ
ಮೊದಲ ಸಲ ಕಂಡರು ನನಗೆ ಅವರು:
ಮುಂದಿನ ಸಾಲಿನಲ್ಲಿ ಬೋಳು ತಲೆಗಳು, ಓದುವ ಕನ್ನಡಕಗಳು,
ಕಿವಿಗೆ ಹತ್ತಿ ತುರುಕಿಕೊಂಡ ಒಬ್ಬ ಹೆಂಗಸು.
ಇವರ ಮುಂದೆಯೋ ನಾವು ಇಷ್ಟು ವರ್ಷ
ಅಷ್ಟು ಸಿಟ್ಟು ಮಾಡಿಕೊಂಡದ್ದು?
ನಾಚಿಕೆಯಾಯಿತು, ಪ್ರೀತಿ ಬಂತು,
ಸಿಂಬಲ್ಲಿನ ಒಂದು ಪೆಟ್ಟು ತಪ್ಪಿತು.

ಸಾಯ್ಮಿ ಬಂದಳು. ಇಪ್ಪತ್ತಾರು ವಯಸ್ಸು,
ಹಗಲು ಟ್ರಾಮ್ ಓಡಿಸುತ್ತಾಳೆ.
ಅಂಥವರಿಗೆ ಗಡಿಯಾರ ಮೈಯೊಳಗೇ ಇರುತ್ತದೆ.
ಮೈಕಿನ ಕಂಬಕ್ಕೆ ಅವನ ಎತ್ತರದಲ್ಲಿ ಸುತ್ತಿದ್ದ ಟೇಪು ನೋಡಿ
ಕೀಳಲಿಲ್ಲ, ಕೇಳಲೂ ಇಲ್ಲ;
ಒಂದು ಗೇಣು ಕೆಳಗೆ ಇನ್ನೊಂದು ಸುತ್ತಿದಳು, ಹಳದಿಯದು.

ಸರಿಯಾದ ಎಣಿಕೆಗೆ ಹಾಡು ಎತ್ತಿದಳು.
ನಾನು ತಾಳಿದೆ.
ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ
ಇಬ್ಬರೂ ಮುಗ್ಗರಿಸಿದೆವು.
ಮತ್ತೆ ಶುರು. ಮತ್ತೆ ಅದೇ.
ತಿರುಗಿ ನೋಡಿದಳು (ಹಾಡುವವರು ತಿರುಗಿ ನೋಡುತ್ತಾರೆಂದೇ
ನನಗೆ ಗೊತ್ತಿರಲಿಲ್ಲ):
"ಯಾರಿಗೆ ಕಾಯ್ತಿದೀರಿ?"
ಹಿಲ್ಕಾ ತಂತಿ ಸರಿಮಾಡುವ ನೆಪದಲ್ಲಿ ಬಗ್ಗಿದಳು,
ತುಂಬ ಹೊತ್ತು ಏಳಲಿಲ್ಲ.

ಆ ವಸಂತವೆಲ್ಲ ಕೈಗೆ ಪಾಠ.
ದಿಂಬಿನ ಮೇಲೆ, ಸೌನಾದ ಬಿಸಿ ಹಲಗೆಯ ಮೇಲೆ,
ಒಂದು ಎರಡು ಮೂರು ನಾಲ್ಕು,
ಮುದಿ ನಾಯಿಗೆ ಹೊಸ ಬಾಗಿಲು ತೋರಿಸಿದ ಹಾಗೆ.
ಅದು ಹೋಗಿ ಹಳೆಯ ಗೋಡೆಯ ಮುಂದೆಯೇ ನಿಲ್ಲುತ್ತಿತ್ತು.

ಜುಲೈ. ಕೆಮಿ. ಬಂದರಿನ ಪಕ್ಕ ಬಯಲು ವೇದಿಕೆ.
ಹನ್ನೊಂದು ಹೊಡೆದರೂ ಮುಳುಗಲೊಲ್ಲದ ಸೂರ್ಯ,
ನಮ್ಮ ಅತಿ ಹಳೆಯ ಹಾಡು.
ನಾಲ್ಕು ಎಣಿಸಿದೆ. ತಾಳಲಿಲ್ಲ. ಕೋಲು ಇಳಿಸಿದೆ.
ಅವಳು ಬರಲಿಲ್ಲ.
ಬಾಯಿಗೆ ಸೊಳ್ಳೆ ಹೋಗಿತ್ತಂತೆ.
ನುಂಗಿದಳು, ನಕ್ಕಳು, ಹಾಡು ಎತ್ತಿದಳು,
ಅರ್ಧ ಎಣಿಕೆ ತಡ.

ಕೌಕೊ ಗಿಟಾರಿನಿಂದ ತಲೆಯೆತ್ತಿ ನನ್ನ ಕಡೆ ನೋಡಿದ.
ಇಲ್ಲ, ಅದಲ್ಲ, ಅಂತ ತಲೆಯಾಡಿಸಿದೆ.
ಕಣ್ಣಿಗೆ ಬೆವರು ಇಳಿದಿತ್ತು, ಕೈ ಎರಡೂ ಕೆಲಸದಲ್ಲಿದ್ದವು.
ಮುಂದಿನ ಸಾಲಿಗೆ ಅವಳು ಸಮಯಕ್ಕೆ ಬಂದಳು.
ನಾನೂ.

ವ್ಯಾನಿನ ಮುಂದಿನ ಬಾಗಿಲ ಗೂಡಿನಲ್ಲಿ
ಅವನ ಕಪ್ಪು ಉಪ್ಪುಮಿಠಾಯಿಯ ಪೊಟ್ಟಣ ಇನ್ನೂ ಇದೆ.
ಸಾಯ್ಮಿ ಒಂದು ಬಾಯಿಗೆ ಹಾಕಿಕೊಂಡಳು.
ಹಳತಾಗಿ ಕಲ್ಲಾಗಿದೆ ಅಂದಳು, ಉಗುಳಲಿಲ್ಲ.
ಹಿಲ್ಕಾ ಗೇರು ಬದಲಿಸಿದಳು.
ಔಲುವಿಗೆ ಇನ್ನೂ ನೂರು ಕಿಲೋಮೀಟರು.