ಮೂರನೆಯ ಗೇರಿನ ಉಂಗುರ

ಆಡೆನಾವ್ ಊರಿನ ಇಳಿಜಾರಿನಲ್ಲಿ ನನ್ನ ನೆಲಮಾಳಿಗೆ.
ಮೇಲೆ, ಕಾಡಿನೊಳಗೆ, ರೇಸಿನ ಹಾದಿ.
ಗಾಳಿ ಈ ಕಡೆ ಬೀಸಿದ ದಿನ ಕಿವಿ ತಾನೇ ಎಣಿಸುತ್ತದೆ:
ನಾಲ್ಕು, ಮೂರು, ಮತ್ತೆ ನಾಲ್ಕು, ಮೂರು, ಎರಡು.
ಮೂವತ್ತೊಂದು ವರ್ಷದಲ್ಲಿ
ಓಡಿಸುವವರ ಮುಖ ನೋಡಿದ್ದು ಕಡಿಮೆ.
ಅವರ ಗೇರ್‌ಬಾಕ್ಸುಗಳನ್ನು ನೋಡಿದ್ದೇನೆ.

ಚಳಿ ಶುರುವಾದರೆ ಬರುತ್ತವೆ, ಹಳೆ ಕಂಬಳಿ ಸುತ್ತಿಕೊಂಡು.
ಎಣ್ಣೆ ಬಸಿಯುತ್ತೇನೆ. ತಟ್ಟೆಯ ತಳದಲ್ಲಿ ಹಿತ್ತಾಳೆಯ ಪುಡಿ,
ಅರಿಸಿನ ಕದಡಿದ ಹಾಗೆ.
ಪ್ರತಿ ಗೇರಿಗೂ ಒಂದು ಉಂಗುರ:
ಓಡುತ್ತಿರುವ ಹಲ್ಲನ್ನೂ ನಿಂತಿರುವ ಹಲ್ಲನ್ನೂ
ಕೂಡಿಸುವ ಮೊದಲು
ಇಬ್ಬರಿಗೂ ಅರೆಗಳಿಗೆ ಸಮಾಧಾನ ಹೇಳುವಂಥದ್ದು.
ಜಗಳ ಬಿಡಿಸಹೋದವರ ಪಾಡೇ ಅದರದ್ದೂ.
ಯಾರ ಅವಸರವಾದರೂ ಪೆಟ್ಟು ಅದಕ್ಕೆ.

ಕೈ ನೋಡಿ ಭವಿಷ್ಯ ಹೇಳುವವರಿದ್ದಾರೆ.
ನಾನು ಸವೆತ ನೋಡಿ ಕೈ ಹೇಳುವವಳು.

ಆನ್ಸ್‌ಗರ್ ಟೇಲೆನ್‌ದು ಯಾವಾಗಲೂ ಮೂರನೆಯದು.
ಅಂಚು ಮೊಂಡು, ಮುಂದಕ್ಕೆ ನೂಕಿದ ಗುರುತು.
"ಬೆರ್ಗ್‌ವೆರ್ಕ್ ತಿರುವಿಗೆ ತಡವಾಗಿ ಬ್ರೇಕ್ ಹಾಕ್ತೀಯ,
ಆಮೇಲೆ ಗೇರಿನ ಮೇಲೆ ಸಿಟ್ಟು ತೀರಿಸ್ತೀಯ" ಎಂದೆ ಒಮ್ಮೆ.
ಬೇಕರಿಯವನು. ಉಗುರಿನ ಸಂದಿಯಲ್ಲಿ ಹಿಟ್ಟು.
"ನೀನು ಅಲ್ಲಿದ್ದೆಯಾ?" ಅಂದ.
ಇರಲಿಲ್ಲ. ಉಂಗುರ ಇತ್ತು.

ಅವನ ಸೊಂಟ ಕೆಟ್ಟ ವರ್ಷ ಬಂತು.
ಮೆಟ್ಟಿಲಿಳಿಯುವಾಗ ಎಡಗಾಲು ಒಂದು ಕ್ಷಣ ಯೋಚಿಸುತ್ತಿತ್ತು.
"ಬೇಸಗೆ ಪೂರ್ತಿ ನಾನೇ ಓಡಿಸಿದ್ದು" ಎಂದ, ನಾನು ಕೇಳದೆಯೇ.
ಬಿಚ್ಚಿದೆ.
ಮೂರನೆಯ ಉಂಗುರದ ಅಂಚು ಹಾಗೇ ಇದೆ, ಹೊಸದರಂತೆ.
ಇಳಿಸುವ ಪ್ರತಿ ಗೇರಿಗೂ ಹದವಾಗಿ ಎಂಜಿನ್ನಿನ ದನಿ ಏರಿಸಿ,
ಬಾಗಿಲು ತಟ್ಟಿ, ಕಾದು, ಒಳಗೆ ಬಂದ ಕೈ ಯಾರದೋ.
ಅವನ ಬೆನ್ನ ಹಿಂದೆ ಮಗಳು ವೀಬ್ಕೆ
ನನ್ನ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು.
ಕಳೆದ ವರ್ಷದ ಕ್ಯಾಲೆಂಡರು.
ನಾನು ಬಿಲ್ಲು ಬರೆದೆ.

ಈಗಿನದು ಹೊಸ ಕಾರು. ಎರಡೇ ಪೆಡಲು.
ಒಳಗೆ ಎರಡು ಕ್ಲಚ್ಚು, ಬೆಸಕ್ಕೊಂದು, ಸಮಕ್ಕೊಂದು;
ಒಂದು ಕೆಲಸದಲ್ಲಿರುವಾಗ ಇನ್ನೊಂದು ಹೊಸಿಲ ಹಿಂದೆ ಸಿದ್ಧ,
ಕರೆಯುವ ಮೊದಲೇ "ಬಂದೆ" ಎನ್ನುತ್ತದೆ.
ವೀಬ್ಕೆಯೇ ಹಟ ಮಾಡಿ ಕೊಡಿಸಿದ್ದು.
"ಒಂದು ಸುತ್ತಿಗೆ ಒಂಬತ್ತು ಸೆಕೆಂಡು ಉಳೀತು.
ಕ್ಲಚ್ಚು ಅನ್ನೋದು ಅಜ್ಜಂದಿರ ಹಟ, ನನಗೇನೂ ನೆನಪಾಗಲ್ಲ."
ನಾನು ವಾದಿಸಲಿಲ್ಲ. ಗಡಿಯಾರಕ್ಕೆ ದಾಕ್ಷಿಣ್ಯವಿಲ್ಲ.
ಆನ್ಸ್‌ಗರ್ ಮೂರು ಸುತ್ತು ಮುಗಿಸಿ
ಊರುಗೋಲಿಲ್ಲದೆ ಇಳಿದು ನಕ್ಕದ್ದನ್ನು ಕಣ್ಣಾರೆ ಕಂಡಿದ್ದೇನೆ.
ಅದನ್ನು ತಪ್ಪೆನ್ನಲು ನಾಲಿಗೆ ಏಳುವುದಿಲ್ಲ.

ಆದರೆ ಪೆಟ್ಟಿಗೆಗೆ ಕಾರ್ಖಾನೆಯ ಮೊಹರು. ನಾನು ತೆರೆಯುವಂತಿಲ್ಲ.
ತಂತಿ ಚುಚ್ಚಿದರೆ ಪರದೆ ಹೇಳುತ್ತದೆ:
ಮೊದಲ ಕ್ಲಚ್ಚು, ಸವೆತ ಶೇಕಡಾ ನಾಲ್ಕು.
ಯಾರ ನಾಲ್ಕು?
ಹಸಿರು ದೀಪ ಮಿಟುಕುತ್ತದೆ, ಅಷ್ಟೆ.
ಬೇಕರಿಯವನೂ ಹಲ್ಲಿನ ಡಾಕ್ಟರೂ ದುಡುಕುವ ಹುಡುಗನೂ
ಅದಕ್ಕೆ ಒಂದೇ ಬೆರಳು.

ಮೊನ್ನೆ ಎಣ್ಣೆ ಬದಲಿಸಲು ಬಿಟ್ಟುಹೋಗಿದ್ದರು.
ನೆಲಹಾಸು ತೆಗೆದು ಅಂಗಳದಲ್ಲಿ ಕೊಡವಿದೆ.
ಚಾಲಕನ ಬದಿಯದು. ಎಡಗಾಲು ಸುಮ್ಮನೆ ಒರಗುವ ಜಾಗಕ್ಕೂ
ಬ್ರೇಕಿಗೂ ನಡುವೆ,
ಏನೂ ಇರಬೇಕಾಗಿಲ್ಲದ ಕಡೆ,
ಒಂದು ಸವೆದ ಬಿಲ್ಲೆ. ನೂಲು ಕಾಣುವಷ್ಟು.
ಹಿಮ್ಮಡಿ ಊರಿ, ಇಲ್ಲದ ಪೆಡಲನ್ನು
ಸಾವಿರ ಸಲ ಒತ್ತಿದ ಗುರುತು.

ಆನ್ಸ್‌ಗರನ ಶೂಸು ನಲವತ್ತಾರು.
ಇದು ಕಿರಿದು.
ಬೆರಳಿಟ್ಟು ಅಳೆದೆ; ಬಿಸಿಲಿಗೆ ಹಿಡಿದು ಮತ್ತೊಮ್ಮೆ ಅಳೆದೆ.
ಹದವಾದ ಕಾಲು. ಎಲ್ಲೂ ಹರಿದಿಲ್ಲ.

ಸಂಜೆ ವೀಬ್ಕೆ ಬಂದಳು. "ಎಲ್ಲ ಸರಿ ಇದೆಯಾ?"
"ಪೆಟ್ಟಿಗೆ ಸರಿ ಇದೆ."
ಹಾಸನ್ನು ಇದ್ದಲ್ಲೇ ಇಟ್ಟಿದ್ದೆ.
ಬಿಲ್ಲಿನಲ್ಲಿ ಎಣ್ಣೆ ಬರೆದೆ, ಫಿಲ್ಟರು ಬರೆದೆ,
ಒಂದು ಗಂಟೆಯ ಕೂಲಿ ಬರೆದೆ.