ಮೂರು ತುಂಡು ಫಿಲ್ಮು

ಹೊಳೆ ಬಸ್‌ಸ್ಟಾಪಿನ ಹಿಂದೆ ನನ್ನ ಸ್ಟುಡಿಯೋ,
ಅದರ ಡಾರ್ಕ್‌ರೂಮಿಗೆ ಹನ್ನೊಂದು ವರ್ಷದಿಂದ ಕೆಲಸವಿಲ್ಲ.
ಕಾಲೇಜಿನ ವಾರಿಜಾ ಮೇಡಂ ಬಂದು ಕೇಳಿದರು:
‘ದಸ್ತಗೀರ್ ಸಾಬ್ರೇ, ನಿಮ್ಮ ಕತ್ತಲು ಬಾಡಿಗೆಗೆ ಸಿಗುತ್ತಾ?’

ತಂದದ್ದು ಒಂದು ಪೆಟ್ಟಿಗೆ, ಸೂಜಿಮೊನೆಯಷ್ಟು ಬೆಳಕು,
ಬುಡ್ಡಿದೀಪದ ಮಸಿ ಹಿಡಿಸಿದ ಗಾಜು,
ಬ್ಲೇಡಿನಲ್ಲಿ ಗೀರಿದ ಎರಡು ಸೀಳು,
ನಡುವೆ ಕೂದಲೆಳೆಯಷ್ಟು ಜಾಗ.
‘ಒಂದು ಸಲಕ್ಕೆ ಒಂದೇ ಕಣ. ಎರಡನೆಯದು ಹೊರಡುವಷ್ಟರಲ್ಲಿ
ಮೊದಲಿನದು ಮುಟ್ಟಿ ಮುಗಿದಿರುತ್ತೆ.’
ಎಷ್ಟು ದಿನ? ‘ಲೆಕ್ಕದಲ್ಲಿ ಒಂಬತ್ತು.’
ಹನ್ನೆರಡು ಇಡಿ, ಅಂದೆ. ಮಂದ ಬೆಳಕಿಗೆ ಫಿಲ್ಮು
ಮೈಗಳ್ಳ ಆಗುತ್ತೆ, ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ.
‘ಇದೆ’ ಅಂದು ನಕ್ಕರು. ಹನ್ನೆರಡೇ ಇಟ್ಟರು.

ಅಷ್ಟೂ ದಿನ ಆ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಡೆದೆ.
ತೀರ್ಥಹಳ್ಳಿ ಬಸ್ಸು ರಿವರ್ಸ್ ತೆಗೆದಾಗೆಲ್ಲ
ಪೆಟ್ಟಿಗೆ ನಡುಗಿತೇನೋ ಎಂದು ನಾನು ನಡುಗಿದೆ.

ತೊಳೆದು ನೋಡಿದರೆ ಪಟ್ಟೆ. ಕಪ್ಪು, ಬಿಳುಪು, ಕಪ್ಪು,
ಹಾಸಿದ ಜಮಖಾನದ ಹಾಗೆ.
ಭೂತಗನ್ನಡಿ ಹಿಡಿದರೆ ಬರೀ ಚುಕ್ಕೆ, ರಾಗಿ ಚೆಲ್ಲಿದಂತೆ.
ತುಂಗೆ ಸೇತುವೆಯ ಎರಡು ಕಣ್ಣಲ್ಲೂ ದಾಟುತ್ತಾಳೆ, ಸರಿ;
ಒಂಟಿ ಹನಿ ಯಾವ ಕಣ್ಣಲ್ಲಿ ದಾಟಿತು?

ಅದನ್ನೇ ಕೇಳೋಣ ಎಂದು ಮೇಡಂ
ಸೀಳಿಗೊಂದು ಪೋಲರಾಯ್ಡ್ ಚೂರು ಅಂಟಿಸಿದರು,
ಒಂದು ನಿಂತದ್ದು, ಒಂದು ಮಲಗಿದ್ದು.
ಈ ಸಲ ಇಪ್ಪತ್ತಾರು ದಿನ.
ಪಟ್ಟೆ ಹೋಗಿತ್ತು. ಮಬ್ಬು, ಬರೀ ಮಬ್ಬು.

ನನಗೆ ಗೊತ್ತು, ಅಂದೆ. ನಲವತ್ತು ವರ್ಷ ನೋಡಿದ್ದೇನೆ,
ಕ್ಯಾಮೆರಾ ಎತ್ತಿದರೆ ಸಾಕು, ನಗುತ್ತಿದ್ದ ಮದುಮಗಳೂ ಕಲ್ಲು.
‘ಅಲ್ಲ ಸಾಬ್ರೇ. ಯಾರೂ ನೋಡಿಲ್ಲ, ನೀವೇ ಬೀಗ ಹಾಕಿದ್ದಿರಿ.
ಯಾವ ಸೀಳು ಅನ್ನೋ ಗುರುತು ಎಲ್ಲೋ ಉಳಿದರೆ ಸಾಕು.’

ಆ ರಾತ್ರಿ ಎದ್ದು ಬೀರು ತೆಗೆದೆ.
ದುಡ್ಡು ಕೊಟ್ಟು ಒಯ್ಯದವರ ನೆಗೆಟಿವ್‌ಗಳು, ಕವರಿನ ಮೇಲೆ ನಂಬರು;
ತೆಗೆದ ನಾನೂ ಮತ್ತೆ ನೋಡಿಲ್ಲ.
ಗುರುತು ಉಳಿದಿದೆ.

ಮೂರನೆಯದಕ್ಕೆ ಫಿಲ್ಮಿನ ಮುಂದೆ, ಓರೆಯಾಗಿ,
ಇನ್ನೊಂದು ಪೋಲರಾಯ್ಡ್. ‘ಗುರುತು ಅಳಿಸಲಿಕ್ಕೆ.’
ಮಳೆಗಾಲ ಅರ್ಧ ಕಳೆಯಿತು.
ಫಿಕ್ಸರಿನಿಂದ ಎತ್ತಿದಾಗ ಪಟ್ಟೆ ವಾಪಸು ಬಂದಿತ್ತು,
ಹೋಗೇ ಇರಲಿಲ್ಲವೆಂಬಂತೆ.

ಮೂರನ್ನೂ ತಂತಿಗೆ ಕ್ಲಿಪ್ ಹಾಕಿ ಹೊರಬಂದೆ.
ಪಾಸ್‌ಪೋರ್ಟ್ ಸೈಜಿಗೆ ಒಬ್ಬ ಹುಡುಗ ಸ್ಟೂಲಿನ ಮೇಲೆ ಕಾಯುತ್ತಿದ್ದ.
ಅಲ್ಲಾಡಬೇಡ ಅನ್ನಬೇಕು, ರೂಢಿ.
ಬಾಯಿ ತೆರೆದೆ;
ಕತ್ತಲಿಗೆ ಎಷ್ಟಾಯಿತು ಎಂದು ಮೇಡಂ ಒಳಗಿಂದ ಕೇಳಿದರು.