ತೊಂಬತ್ತಾರು ಓಮ್

ಲ್ಯೂಡೆರಿಟ್ಸ್ ಬಂದರಿನಲ್ಲಿ ಮಳೆಯೆಂದರೆ ಬರೀ ವದಂತಿ.
ಬರುವುದು ಮಂಜು, ಕಡಲಿನ ಉಪ್ಪು ಹೊತ್ತು;
ಬೀಗದ ಕಣ್ಣಿಗೆ, ಬೋಲ್ಟಿನ ಕೊರಳಿಗೆ
ಹಸಿರು ಕಿಲುಬು ಕಟ್ಟಿ ಹೋಗುತ್ತದೆ.
ಕೆಳಗೆ ಮರಳು. ಒಣ ಮರಳಿಗೂ ಕರೆಂಟಿಗೂ
ಮಾತುಕತೆಯಿಲ್ಲ.

ಮೀನಿನ ಕಾರ್ಖಾನೆಯ ಹಿಂದೆ, ಸ್ವಿಚ್‌ಗೇರ್ ಕೋಣೆಯ ಪಕ್ಕ
ದಿನಾ ಸಂಜೆ ಒಂದು ಬಕೆಟ್ ನೀರು ಸುರಿಯುತ್ತಿದ್ದನಂತೆ
ಕಾವಲುಗಾರ ಯಿಸಾಕ್ ಬೋಯಿಸ್.
"ಏನು ನೆಟ್ಟಿದ್ದೀ ಅಜ್ಜಾ?"
ಡಬ್ಬಿ ತುಂಬುವ ಹುಡುಗಿಯರು ನಗುತ್ತಿದ್ದರಂತೆ.
"ತಾಮ್ರ."
ಹೊಸ ಮ್ಯಾನೇಜರ್ ನೀರಿನ ಬಿಲ್ಲು ನೋಡಿದ.
ಬಕೆಟ್ಟು ಕಂಡಿತು, ಗುಂಡಿ ಕಾಣಲಿಲ್ಲ.
ಮುದುಕನ ಕೆಲಸ ಹೋಯಿತು,
ಬಕೆಟ್ಟೂ ಅವನ ಹಿಂದೆಯೇ.

ನಾನು ಬೆಂಕಿ ಆರಿದ ಮೇಲೆ ಬಂದವಳು, ಮೀಟರು ಹಿಡಿದು.
ನಮೂನೆಯಲ್ಲಿ 'ಕಾರಣ' ಎಂಬುದಕ್ಕೆ
ಒಂದೂವರೆ ಸಾಲು ಜಾಗ.

ದಾರಿ ತಪ್ಪಿದ ಕರೆಂಟು ಧೊಪ್ಪನೆ ಮಣ್ಣಿಗೆ ಬೀಳಬೇಕು;
ಬಿದ್ದ ಸದ್ದಿಗೆ ರಿಲೇ ಬೆಚ್ಚಿ ಎದ್ದು
ಬ್ರೇಕರ್ ಎಳೆಯಬೇಕು.
ಇಲ್ಲಿ ಅದು ಪಿಸುಗುಟ್ಟಿತು, ತಿಂಗಳುಗಟ್ಟಲೆ.
ರಿಲೇ ಕೆಟ್ಟಿರಲಿಲ್ಲ, ಮೂರು ಸಲ ಪರೀಕ್ಷಿಸಿದೆ.
ಅದಕ್ಕೆ ಕೇಳಿಸುವಷ್ಟು ಜೋರಾಗಿ ಏನೂ ಬೀಳಲಿಲ್ಲ, ಅಷ್ಟೆ.

ಕೂಗಿದ್ದು ತುಯಕುಲ, ನೆಲ ಒರೆಸುವವಳು.
"ಆ ಬೂದು ಬೀರು ಕಚ್ಚುತ್ತೆ."
ಒದ್ದೆ ಬಟ್ಟೆ, ಬೆರಳ ತುದಿ,
ಮೊಣಕೈವರೆಗೂ ಜುಮ್ಮೆಂದಿತ್ತು.
ಫೋರ್‌ಮನ್ ರಬ್ಬರ್ ಬೂಟು ಕೊಡಿಸಿದ.
ಕಚ್ಚುವುದು ನಿಂತಿತು.
'ದೂರು ಇತ್ಯರ್ಥ' ಎಂದು ರಿಜಿಸ್ಟರಿನಲ್ಲಿ ನೀಲಿ ಸಹಿಯಿದೆ.

ಜುಲೈ, ರಾತ್ರಿ ಎರಡೂ ಮುಕ್ಕಾಲು.
ಶಿಕೊಂಗೊ ಕಂಡದ್ದು ಮೊದಲು ನೇರಳೆ, ಆಮೇಲೆ ಬಿಳಿ,
ಆಮೇಲೆ ಬಾಗಿಲೇ ಕಿತ್ತು ಎದುರು ಗೋಡೆಗೆ.
ಆಸ್ಪತ್ರೆಯಲ್ಲಿ ಹುಬ್ಬಿಲ್ಲದ ಮುಖದಿಂದ ನಕ್ಕ,
ಎರಡೂ ಕೈ ಬಟ್ಟೆಯ ಉಂಡೆ.
ಹೆಂಡತಿಗೆ ಮೆಸೇಜು ಬರೆದುಕೊಡೆಂದ:
ಅಡಿಗೆಗೆ ಕಾಯಬೇಡ ಅಂತ ಬರಿ, ಬೇರೇನೂ ಬೇಡ.

ಸತ್ತವರನ್ನು ಮರೆಯದೆ ಮಣ್ಣು ಮಾಡುತ್ತೇವೆ,
ಊರೆಲ್ಲ ಸೇರಿ, ಗುದ್ದಲಿ ಹಿಡಿದು.
ಜೀವವಿರುವ ತಂತಿಗೆ ಒಂದು ಹಿಡಿ ಹಸಿ ಮಣ್ಣು ತೋರಿಸಲು
ಬಜೆಟ್ಟಿಲ್ಲ.

ತಾಮ್ರದ ಪಟ್ಟಿಯ ಬೋಲ್ಟನ್ನು
ಬಣ್ಣದ ಮೇಲೆಯೇ ಬಿಗಿದಿದ್ದರು, ಚೆಂದವಾಗಿ.
ಪಟ್ಟಿ ನೆಲಕ್ಕಿಳಿಯುವಲ್ಲಿ ಮೀಟರು ಕಚ್ಚಿಸಿದೆ:
ತೊಂಬತ್ತಾರು.
ಎರಡಕ್ಕಿಂತ ಕಡಿಮೆ ಇರಬೇಕಿತ್ತು.
ಗುಂಡಿ ಎಲ್ಲಿ? ಯಾರಿಗೂ ಗೊತ್ತಿಲ್ಲ.
ನಕ್ಷೆಯಿದ್ದ ಬೀರೂ ಅದೇ ರಾತ್ರಿ ಸುಟ್ಟಿತ್ತು.

ಹಾಗಾಗಿ ಬೋಯಿಸ್‌ನನ್ನು ಕರೆಸಿದರು.
ಇಗರ್ಜಿಯ ಟೋಪಿ ಹಾಕಿಕೊಂಡು, ಬಕೆಟ್ ಹಿಡಿದೇ ಬಂದ.
ಸುಟ್ಟ ಗೋಡೆಗೆ ಬೆನ್ನು ಕೊಟ್ಟು ಹೆಜ್ಜೆ ಎಣಿಸಿದ,
ಏಳು, ಬಲಕ್ಕೆ ತಿರುಗಿ ನಾಲ್ಕು,
ನಾಲ್ಕನೆಯದಕ್ಕೆ ಮೂಗು ಕಬ್ಬಿಣಕ್ಕೆ ತಾಗಿತು:
ಮೀನಿನ ಡಬ್ಬಿ ತುಂಬಿದ ನಲವತ್ತಡಿ ಕಂಟೇನರ್.
"ಇದರ ಕೆಳಗೆ," ಎಂದ.

ಕ್ರೇನಿನವನು ಸೋಮವಾರ ಬರುತ್ತಾನಂತೆ.
ಮುದುಕ ಬಕೆಟ್ ಬೋರಲು ಹಾಕಿ
ಅದರ ಮೇಲೆ ಕೂತ.